ಸ್ಟ್ಯಾಂಡ್‌ಬೈನ ಪ್ರೈಮರಿ ಮಾಡೋದು: ಹಳೇ ಹೊಸ ಪೋಸ್ಟ್‌ಗ್ರೆಸ್ ಎರಡರಲ್ಲೂ ಓಡೋ ಸ್ಕ್ರಿಪ್ಟಿಗೆ

ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಪ್ರಮೋಟ್ ಮಾಡೋದು, ಅಂದ್ರೆ ಪ್ರೈಮರಿಯ (ಬರೆಯೋ ಕೆಲ್ಸ ನಡೆಯೋ ಮುಖ್ಯ ಸರ್ವರ್) ನಕಲಾಗಿರೋ ಸ್ಟ್ಯಾಂಡ್‌ಬೈನ ಹೊಸ ಪ್ರೈಮರಿ ಮಾಡೋದು, ಒಂದೇ ಕಮಾಂಡಿನ ಕೆಲ್ಸ. ತಲೆ ಕೆಡೋದು ಯಾವಾಗ ಅಂದ್ರೆ ಒಂದು ಸರ್ವರ್ 9.6, ಇನ್ನೊಂದು 11, ಮತ್ತೊಂದು 16 ಇದ್ದು ಎಲ್ಲದಕ್ಕೂ ಒಂದೇ ಸ್ಕ್ರಿಪ್ಟ್ ಓಡ್ಬೇಕು ಅಂದಾಗ. ನಾನೂ ಒಂದ್ಸಲ ಹಳೇ ಸ್ಕ್ರಿಪ್ಟ್ ನಂಬ್ಕೊಂಡು ನಡುರಾತ್ರಿ ಟ್ರಿಗರ್ ಫೈಲ್ (ಅದು ಕಂಡ್ರೆ ಸ್ಟ್ಯಾಂಡ್‌ಬೈ ಪ್ರಮೋಟ್ ಆಗೋ ಫೈಲು) ಇಟ್ಟು ಕಾಯ್ತಾ ಕೂತೆ, ಸರ್ವರ್ ಮಿಸುಕಾಡ್ಲಿಲ್ಲ. ಅದು 16, ಟ್ರಿಗರ್ ಫೈಲ್ ಸೆಟ್ಟಿಂಗನ್ನೇ ಆ ವರ್ಷನ್‌ನಲ್ಲಿ ಕಿತ್ತಾಕಿದಾರೆ.

ಮೊದ್ಲು ಒಂದು ಮಾತು, ಸ್ಟ್ರೀಮಿಂಗ್ ರೆಪ್ಲಿಕೇಶನ್‌ಗೆ (ವಾಲ್, ಅಂದ್ರೆ ಬದಲಾವಣೆಗಳ ಲಾಗ್, ಸ್ಟ್ಯಾಂಡ್‌ಬೈಗೆ ಹರಿದು ಬರೋ ವಿಧಾನ) ಎರಡೂ ಕಡೆ ಮೇಜರ್ ವರ್ಷನ್ ಒಂದೇ ಇರ್ಬೇಕು. ಮೈನರ್ ಬೇರೆ ಇದ್ರೆ ನಡಿಯತ್ತೆ, ಅಪ್‌ಡೇಟ್ ಮಾಡುವಾಗ ಸ್ಟ್ಯಾಂಡ್‌ಬೈಗೆ ಮೊದ್ಲು ಹಾಕಿ. 11ರಿಂದ 16ಕ್ಕೆ ಹಾರ್ಬೇಕು ಅಂದ್ರೆ 10ರಲ್ಲಿ ಬಂದ ಲಾಜಿಕಲ್ ರೆಪ್ಲಿಕೇಶನ್ (ಟೇಬಲ್‌ನ ಸಾಲುಗಳ ಬದಲಾವಣೆ ಕಳ್ಸೋದು) ದಾರಿ, ಅಲ್ಲಿ ಪ್ರಮೋಟ್ ಅನ್ನೋದೇ ಇಲ್ಲ, ಆ್ಯಪ್‌ನ ಆಕಡೆ ತಿರುಗಿಸೋದಷ್ಟೆ, ಆದ್ರೆ 16ರಲ್ಲಿ ಸೀಕ್ವೆನ್ಸ್ (ಐಡಿಗೆ ಮುಂದಿನ ನಂಬರ್ ಕೊಡೋದು) ನಂಬರು ತಾನಾಗೇ ಬರಲ್ಲ, ತಿರುಗಿಸೋ ಮುಂಚೆ ಕೈಯಾರೆ ಮುಂದಕ್ಕೆ ತಳ್ಳಿ, ಇಲ್ಲಾಂದ್ರೆ ಮೊದಲ್ನೇ ಇನ್ಸರ್ಟಿಗೇ ಡೂಪ್ಲಿಕೇಟ್ ಕೀ ಅಂತ ಬಾಯಿ ಬಡ್ಕೊಳ್ಳತ್ತೆ.

ಇನ್ನು ಸ್ಕ್ರಿಪ್ಟು. ವರ್ಷನ್ ಯಾವ್ದು ಅಂತ ನೀವು ಬರ್ದಿಡ್ಬೇಡಿ, ಸರ್ವರ್‌ನೇ ಕೇಳಿ, ಅದೂ ಸರ್ವರ್_ವರ್ಷನ್_ನಮ್ ಕೇಳಿ. 9.6.24 ಇದ್ರೆ 90624 ಅನ್ನತ್ತೆ, 16.3 ಇದ್ರೆ 160003. ಹೆಸ್ರನ್ನ ಅಕ್ಷರ ಅಂತ ಹೋಲ್ಸಿದ್ರೆ 16ಕ್ಕಿಂತ 9.6 ದೊಡ್ಡದು ಅಂತ ಬರತ್ತೆ, ಅದಕ್ಕೇ ನಂಬರ್ರು. ಸ್ಟ್ಯಾಂಡ್‌ಬೈ ವಾಲ್‌ನ ಎಲ್ಲೀ ತನಕ ರಿಪ್ಲೇ ಮಾಡಿದೆ (ತನ್ನ ಡೇಟಾಕ್ಕೆ ಹಾಕ್ಕೊಂಡಿದೆ) ಅಂತ ಹೇಳೋ ಫಂಕ್ಷನ್ ಹೆಸ್ರು 100000ಕ್ಕಿಂತ ಕಮ್ಮಿ ಇದ್ರೆ ಪಿಜಿ_ಲಾಸ್ಟ್_ಎಕ್ಸ್‌ಲಾಗ್_ರಿಪ್ಲೇ_ಲೊಕೇಶನ್, ಅಲ್ಲಿಂದ ಮೇಲೆ ಪಿಜಿ_ಲಾಸ್ಟ್_ವಾಲ್_ರಿಪ್ಲೇ_ಎಲ್‌ಎಸ್‌ಎನ್.

ಹಳೇ ಪ್ರೈಮರಿ ಬದ್ಕಿದ್ರೆ ಫಾಸ್ಟ್ ಮೋಡಲ್ಲಿ ನಿಲ್ಸಿ. ಸ್ಟ್ಯಾಂಡ್‌ಬೈ ಕನೆಕ್ಟ್ ಆಗಿದ್ರೆ ಉಳ್ದಿರೋ ವಾಲ್ ಎಲ್ಲಾ ಕಳ್ಸಿಯೇ ಅದು ನಿಲ್ಲತ್ತೆ. ಆಮೇಲೆ ಅಲ್ಲಿ ಪಿಜಿ_ಕಂಟ್ರೋಲ್‌ಡೇಟಾ ಓಡ್ಸಿ ಕೊನೇ ಚೆಕ್‌ಪಾಯಿಂಟ್ (ನಿಲ್ಲೋವಾಗ ಬರೆಯೋ ಗುರುತು) ವಾಲ್‌ನ ಯಾವ ಜಾಗದಲ್ಲಿದೆ ನೋಡಿ, 0/5000028 ಇದೆ ಅಂದ್ಕೊಳ್ಳಿ, ಸ್ಟ್ಯಾಂಡ್‌ಬೈನ ರಿಪ್ಲೇ ಅದಕ್ಕಿಂತ ಒಂದು ರೆಕಾರ್ಡಿನಷ್ಟು ಮುಂದಿರ್ಬೇಕು. ಹಿಂದಿದ್ರೆ ಪ್ರಮೋಟ್ ಮಾಡ್ಬೇಡಿ, ಮಾಡಿದ್ರೆ ಅಷ್ಟು ಡೇಟಾ ಹೋಗ್ಬೋದು.

ಪ್ರಮೋಟ್‌ಗೆ ನನ್ನ ಆಯ್ಕೆ ಪಿಜಿ_ಸಿಟಿಎಲ್ ಪ್ರಮೋಟ್, 9.1ರಿಂದ ಎಲ್ಲದ್ರಲ್ಲೂ ಇದೆ. ಆಯಾ ವರ್ಷನ್ನಿನ ಬಿನ್ ಫೋಲ್ಡರಿಂದಾನೇ ಓಡ್ಸಿ, ರೂಟ್ ಆಗಿ ಬೇಡ, ಪೋಸ್ಟ್‌ಗ್ರೆಸ್ ಯೂಸರ್ ಆಗಿ. ಶೆಲ್ ಸಿಗಲ್ಲ ಅಂದ್ರೆ 12ರಿಂದ ಪಿಜಿ_ಪ್ರಮೋಟ್ ಫಂಕ್ಷನ್ ಇದೆ, ಏನೂ ಹೇಳ್ದಿದ್ರೆ 60 ಸೆಕೆಂಡ್ ಕಾಯತ್ತೆ. 9.6ರಲ್ಲಿ ಕಮಾಂಡ್ ಕಾಯದೇ ವಾಪಸ್ ಬಂದ್ಬಿಡತ್ತೆ, ಹಾಗಾಗಿ ಯಾವ್ದೇ ವರ್ಷನ್ ಇರ್ಲಿ, ಪಿಜಿ_ಇಸ್_ಇನ್_ರಿಕವರಿ ಫಾಲ್ಸ್ ಅನ್ನೋ ತನಕ ಲೂಪಲ್ಲಿ ಕೇಳ್ತಾ ಇರಿ, ಆಮೇಲೇ ಆ್ಯಪ್ ಬಿಡಿ.

ಹಳೇ ಪ್ರೈಮರಿನ ಈಗ ಸ್ಟ್ಯಾಂಡ್‌ಬೈ ಮಾಡೋ ಜಾಗ ಇದೆಯಲ್ಲಾ, ಅಲ್ಲೇ ಜಾಸ್ತಿ ಎಡವೋದು. 11ರ ತನಕ ರಿಕವರಿ.ಕಾನ್ಫ್ ಬರೀಬೇಕು, ಅದ್ರಲ್ಲಿ ಟೈಮ್‌ಲೈನ್ (ಪ್ರತಿ ಪ್ರಮೋಟ್‌ಗೂ ಹೊಸದಾಗಿ ಶುರುವಾಗೋ ವಾಲ್ ಸರಣಿ) ಲೇಟೆಸ್ಟ್ ಅಂತ ಹಾಕೋದು ಮರೀಬೇಡಿ. 12ರಿಂದ ಆ ಫೈಲ್ ಇದ್ರೆ ಸರ್ವರ್ ಏಳೋದೇ ಇಲ್ಲ, ಖಾಲಿ ಸ್ಟ್ಯಾಂಡ್‌ಬೈ.ಸಿಗ್ನಲ್ ಇಟ್ಟು ಕನೆಕ್ಷನ್ ವಿವರ ಮೇನ್ ಕಾನ್ಫಿಗಲ್ಲಿ ಬರೀಬೇಕು. ಹಳೇ ಪ್ರೈಮರಿ ಕ್ರ್ಯಾಶ್ ಆಗಿ ಬಿದ್ದಿದ್ರೆ ಪಿಜಿ_ರಿವೈಂಡ್ (ಅದ್ರ ಡೇಟಾನ ಹೊಸ ಪ್ರೈಮರಿಗೆ ಹೊಂದ್ಸೋ ಟೂಲು) ಬೇಕಾಗ್ಬೋದು, ಅದಕ್ಕೆ ಚೆಕ್‌ಸಮ್ ಇಲ್ವೇ ವಾಲ್_ಲಾಗ್_ಹಿಂಟ್ಸ್ ಮುಂಚೇನೇ ಆನ್ ಇರ್ಬೇಕು.

ಎಲ್ಲಾ ಸರಿ ಇದ್ದೂ ಸರ್ಚಲ್ಲಿ ಕೆಲವು ಹೆಸ್ರು ಸಿಗ್ತಿಲ್ಲ ಅಂತ ಕಂಪ್ಲೇಂಟ್ ಬಂದ್ರೆ ಪೋಸ್ಟ್‌ಗ್ರೆಸ್ ವರ್ಷನ್ ನೋಡ್ಬೇಡಿ, ಓಎಸ್ ನೋಡಿ. ಜಿಲಿಬ್‌ಸಿ (ಲಿನಕ್ಸ್‌ನ ಮೂಲ ಲೈಬ್ರರಿ) 2.28ರಲ್ಲಿ ಅಕ್ಷರ ಜೋಡ್ಸೋ ಕ್ರಮ ಬದ್ಲಾಯ್ತು, ಪ್ರೈಮರಿ ಅದಕ್ಕಿಂತ ಹಳೇದ್ರ ಮೇಲೆ, ಸ್ಟ್ಯಾಂಡ್‌ಬೈ ಹೊಸದ್ರ ಮೇಲೆ ಇದ್ರೆ ಟೆಕ್ಸ್ಟ್ ಇಂಡೆಕ್ಸ್ ಒಳಗೇ ಕೆಟ್ಟಿರತ್ತೆ. ಆ ಇಂಡೆಕ್ಸ್‌ಗಳನ್ನ ಹೊಸ ಪ್ರೈಮರಿ ಮೇಲೆ ರೀಇಂಡೆಕ್ಸ್ ಮಾಡಿ, ಯೂನಿಕ್ ಇಂಡೆಕ್ಸ್‌ಗಳಿಂದ ಶುರು ಮಾಡಿ.