ಎರಡು ಫೈಲು: ಅಮ್ಮನದೊಂದು, ರ‍್ಯಾಂಪಿನದೊಂದು

ನಾನು ಮೈಸೂರಿನಲ್ಲಿ ಪಿಯು ಕಾಲೇಜಿನಲ್ಲಿ ಅಕೌಂಟೆನ್ಸಿ ಪಾಠ ಮಾಡುವವಳು. ಡೆಬಿಟ್ಟು ಕ್ರೆಡಿಟ್ಟು ಊರವರ ಮಕ್ಕಳಿಗೆಲ್ಲ ಹೇಳಿಕೊಟ್ಟು, ನಮ್ಮನೆ ಲೆಕ್ಕದಲ್ಲೇ ಒಂದು ವರ್ಷದ ತೆರಿಗೆ ರಿಯಾಯಿತಿ ಕಳೆದುಕೊಂಡೆ. ನೀವು ಕಳೆದುಕೊಳ್ಳಬೇಡಿ ಅಂತ ಇದನ್ನು ಬರೆಯುತ್ತಿದ್ದೇನೆ.

2022ರ ಸೆಪ್ಟೆಂಬರಿನಲ್ಲಿ ಅಮ್ಮನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಎರಡೂ ಹೋದವು. ಆಸ್ಪತ್ರೆಯಿಂದ ಕರೆತಂದ ದಿನ ಆಟೋದಿಂದ ಮನೆ ಒಳಗೆ ಹೋಗಲು ಇದ್ದದ್ದು ಮೂರೇ ಮೆಟ್ಟಿಲು, ಒಂದೊಂದು ಆರು ಇಂಚು. ಅಮ್ಮನನ್ನು ಕುರ್ಚಿ ಸಮೇತ ನಾಲ್ಕು ಜನ ಎತ್ತಿದೆವು. ಅವತ್ತೇ ಗಾಲಿಕುರ್ಚಿ ಹತ್ತುವ ಇಳಿಜಾರು, ಅಂದರೆ ರ‍್ಯಾಂಪ್ ಮಾಡಿಸಲೇಬೇಕು ಅಂತ ನಿರ್ಧಾರವಾಯಿತು.

ಮೊದಲು ಒಂದು ಮಾತು ಬಾಯಿಬಿಟ್ಟು ಹೇಳಿಬಿಡುತ್ತೇನೆ. ನಮ್ಮ ಆದಾಯ ತೆರಿಗೆ ಕಾನೂನಿನಲ್ಲಿ ‘ಮನೆಗೆ ರ‍್ಯಾಂಪ್ ಕಟ್ಟಿಸಿದರೆ ಇಷ್ಟು ವಿನಾಯಿತಿ’ ಅಂತ ಎಲ್ಲೂ ಇಲ್ಲ. ಇರುವ ವಿನಾಯಿತಿ ಎರಡು ದಾರಿಯಲ್ಲಿ ಬರುತ್ತದೆ. ಒಂದು, ನಡೆಯಲಾಗದ ಮನುಷ್ಯರ ಹೆಸರಿನಲ್ಲಿ ಪ್ರತಿ ವರ್ಷ. ಇನ್ನೊಂದು, ಕಟ್ಟಿದ ಕಾಂಕ್ರೀಟಿನ ಹೆಸರಿನಲ್ಲಿ, ಮನೆ ಮಾರುವ ದಿನ. ಅದಕ್ಕೇ ಎರಡು ಫೈಲು ಮಾಡಿ ಅನ್ನುವುದು.

ಅಮ್ಮನ ಫೈಲು

ಇದರಲ್ಲಿ ಮುಖ್ಯ ಕಾಗದ ಅಂಗವೈಕಲ್ಯ ಪ್ರಮಾಣಪತ್ರ. ಅಂಗವಿಕಲರ ಗುರುತಿನ ಚೀಟಿ ಕೊಡುವ ಯುಡಿಐಡಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಬೇಕು. ಶೇಕಡಾ 40ಕ್ಕಿಂತ ಕಡಿಮೆ ಬಂದರೆ ತೆರಿಗೆ ಲೆಕ್ಕಕ್ಕೆ ಉಪಯೋಗವಿಲ್ಲ. 40 ಅಥವಾ ಮೇಲಿದ್ದರೆ 80ಡಿಡಿ ಕಲಮಿನಲ್ಲಿ ನಿಮ್ಮ ಆದಾಯದಿಂದ 75,000 ಕಳೆಯಬಹುದು, 80 ಅಥವಾ ಮೇಲಿದ್ದರೆ 1,25,000. ಅಮ್ಮನದು 68 ಬಂತು.

ಇದು ನಿಗದಿ ಮೊತ್ತ. ನೀವು ಹತ್ತು ಸಾವಿರ ಖರ್ಚು ಮಾಡಿದ್ದರೂ 75,000 ಪೂರ್ತಿ ಸಿಗುತ್ತದೆ, ನಾಲ್ಕು ಲಕ್ಷ ಮಾಡಿದ್ದರೂ ಅಷ್ಟೇ. ಆದರೆ ಚಿಕಿತ್ಸೆ, ಆರೈಕೆ, ಪುನರ್ವಸತಿ ಅಂತ ಏನಾದರೂ ಖರ್ಚು ಆಗಿರಲೇಬೇಕು. ಫಿಸಿಯೋಥೆರಪಿ ರಸೀದಿ, ಔಷಧಿ ಬಿಲ್ಲು ಇಟ್ಟುಕೊಂಡರೆ ಸಾಕು.

ನಾನು ಎಡವಿದ್ದು ಇಲ್ಲೇ. ಆರು ತಿಂಗಳು ಕಳೆದ ಮೇಲೆ ಬನ್ನಿ ಅಂತ ಡಾಕ್ಟರು ಹೇಳಿದ್ದರು. ಮಾರ್ಚ್ ಬರುವ ಹೊತ್ತಿಗೆ ನಾನು ಬಾತ್‌ರೂಮ್ ಟೈಲ್ಸ್ ಆರಿಸುವುದರಲ್ಲಿ ಮುಳುಗಿದ್ದೆ, ಅರ್ಜಿ ನಿಧಾನವಾಯಿತು. ಪ್ರಮಾಣಪತ್ರದ ಮೇಲೆ ಬಿದ್ದ ತಾರೀಖು 11 ಏಪ್ರಿಲ್ 2023. ಅಂಗವಿಕಲರು ತಾವೇ ತಮ್ಮ ರಿಟರ್ನ್‌ನಲ್ಲಿ ಪಡೆಯುವ 80ಯು ಕಲಮಿನಲ್ಲಂತೂ ‘ಆ ವರ್ಷದೊಳಗೆ ಪ್ರಮಾಣೀಕೃತ’ ಅನ್ನುವ ಮಾತೇ ಇದೆ. 80ಡಿಡಿಗೂ ಅದೇ ಎಚ್ಚರ ಇರಲಿ, 2022-23ಕ್ಕೆ ಕೈ ಹಾಕಬೇಡಿ ಅಂದರು ಆಡಿಟರು. ಹನ್ನೊಂದು ದಿನಕ್ಕೆ ಒಂದು ವರ್ಷ ಹೋಯಿತು. ಮೇಸ್ತ್ರಿಗೆ ಫೋನ್ ಮಾಡುವ ಮುಂಚೆ ಪೋರ್ಟಲ್ ತೆಗೆಯಿರಿ.

ಯಾರಿಗೆ ಸಿಗುತ್ತದೆ ಅನ್ನುವುದರಲ್ಲೂ ಗೊಂದಲ ಬಹಳ. ಗಂಡ ಹೆಂಡತಿ, ಮಕ್ಕಳು, ಅಪ್ಪ ಅಮ್ಮ, ಒಡಹುಟ್ಟಿದವರು ಇವರು ಪಟ್ಟಿಯಲ್ಲಿದ್ದಾರೆ. ಅತ್ತೆ ಮಾವ ಇಲ್ಲ. ಅಂದರೆ ನಮ್ಮಮ್ಮನಿಗಾಗಿ ನಾನು ಪಡೆಯಬಹುದು, ನನ್ನ ಗಂಡ ಪಡೆಯುವಂತಿಲ್ಲ. ಆಸ್ಪತ್ರೆಗೆ ಓಡಾಡಿದ್ದು ಹೆಚ್ಚು ಅವರೇ, ಆದರೆ ಕಾನೂನು ಅದನ್ನು ನೋಡುವುದಿಲ್ಲ. ನ್ಯೂಜೆರ್ಸಿಯಲ್ಲಿರುವ ತಮ್ಮ ಒಂದು ಲಕ್ಷ ಕಳಿಸಿದ. ಅವನಿಗೂ ಇಲ್ಲ, ಯಾಕೆಂದರೆ 80ಡಿಡಿ ಇಲ್ಲಿನ ನಿವಾಸಿಗಳಿಗೆ ಮಾತ್ರ. ಅವನು ಕಳಿಸಿದ ದುಡ್ಡಿಗೆ ನನಗೆ ತೆರಿಗೆಯೂ ಇಲ್ಲ, ಒಡಹುಟ್ಟಿದವರ ಉಡುಗೊರೆ ಅದು. ನಿಮ್ಮ ತಂದೆಯವರಿಗೆ ಒಳ್ಳೆ ಪಿಂಚಣಿ ಬರುತ್ತಿದ್ದರೆ ಅವರು ‘ಅವಲಂಬಿತರು’ ಅಂತ ಹೇಳುವುದು ಕಷ್ಟ. ಅಂಥವರು ತಮ್ಮದೇ ರಿಟರ್ನ್‌ನಲ್ಲಿ 80ಯು ಪಡೆಯುವುದು ಸರಿಯಾದ ದಾರಿ. ಒಬ್ಬರ ವೈಕಲ್ಯಕ್ಕೆ ಎರಡೂ ಕಡೆ ಪಡೆಯುವ ಹಾಗಿಲ್ಲ.

ಪ್ರಮಾಣಪತ್ರದಲ್ಲಿ ಮರುತಪಾಸಣೆಯ ತಾರೀಖು ಇದೆಯೇ ನೋಡಿ. ಇದ್ದರೆ ಅವಧಿ ಮುಗಿಯುವ ಆರ್ಥಿಕ ವರ್ಷದವರೆಗೆ ಮಾತ್ರ ನಡೆಯುತ್ತದೆ, ಆಮೇಲೆ ಹೊಸದು ಬೇಕು. ಫಾರ್ಮ್ 10-ಐಎ ಅನ್ನುವ ಬೇರೆ ಪ್ರಮಾಣಪತ್ರ ಬೇಕಾಗುವುದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ವೈಕಲ್ಯಕ್ಕೆ. ಲಕ್ವಕ್ಕೆ ನಮಗೆ ಬೇಕಾಗಲಿಲ್ಲ.

ಯಾವ ಪದ್ಧತಿ?

ತೆರಿಗೆ ಲೆಕ್ಕಕ್ಕೆ ಎರಡು ಪದ್ಧತಿ ಇವೆ: ಇಂಥ ಕಡಿತಗಳಿರುವ ಹಳೆಯದು, ದರ ಕಡಿಮೆ ಆದರೆ ಕಡಿತ ಬಹುತೇಕ ಇಲ್ಲದ ಹೊಸದು. 80ಡಿಡಿ ಇರುವುದು ಹಳೆಯದರಲ್ಲಿ ಮಾತ್ರ. ನನ್ನ 2023-24ರ ಲೆಕ್ಕವನ್ನೇ ನೋಡಿ, ವೃತ್ತಿ ತೆರಿಗೆ ಬಿಟ್ಟು ಹೇಳುತ್ತೇನೆ. ಸಂಬಳ 9,80,000. ಹೊಸ ಪದ್ಧತಿಯಲ್ಲಿ ತೆರಿಗೆ 51,480. ಹಳೆಯದರಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 50,000, 80ಸಿ ಅಂತ ಉಳಿತಾಯಕ್ಕೆ 1,50,000, ವಿಮೆ ಇಲ್ಲದ ಅಮ್ಮನ ವೈದ್ಯಕೀಯ ಖರ್ಚು 80ಡಿಯಲ್ಲಿ 50,000, ರಿಪೇರಿ ಸಾಲದ ಬಡ್ಡಿ 30,000 ಕಳೆದರೆ ಉಳಿಯುವುದು 7 ಲಕ್ಷ, ತೆರಿಗೆ 54,600. ಇಷ್ಟರಲ್ಲೇ ನಿಂತಿದ್ದರೆ ಹೊಸದೇ ವಾಸಿ. 80ಡಿಡಿಯ 75,000 ಸೇರಿಸಿದ ಕೂಡಲೇ 39,000ಕ್ಕೆ ಇಳಿಯಿತು. ಅಮ್ಮನ ಒಂದು ಕಾಗದ ತಕ್ಕಡಿಯನ್ನು ಆ ಕಡೆಗೆ ವಾಲಿಸಿತು, ಹೊಸದಕ್ಕೆ ಹೋಲಿಸಿದರೆ 12,480 ಉಳಿಯಿತು. (80ಡಿಗೆ ಔಷಧಿ ದುಡ್ಡನ್ನು ನಗದಾಗಿ ಕೊಡಬೇಡಿ, ಲೆಕ್ಕಕ್ಕೆ ಬರುವುದಿಲ್ಲ.)

ಆ ವರ್ಷದಿಂದ ಹೊಸ ಪದ್ಧತಿಯೇ ತಾನಾಗಿ ಅನ್ವಯ. ಕಾಲೇಜು ಆಫೀಸಿನಲ್ಲಿ ಹಾಗೇ ಟಿಡಿಎಸ್ (ಸಂಬಳದಲ್ಲೇ ಮುರಿಯುವ ತೆರಿಗೆ) ಹಿಡಿದುಬಿಟ್ಟರು. ಪರವಾಗಿಲ್ಲ, ಸಂಬಳದವರು ರಿಟರ್ನ್ ಸಲ್ಲಿಸುವಾಗ ಹಳೆಯದನ್ನು ಆರಿಸಿಕೊಂಡು ವಾಪಸ್ ಪಡೆಯಬಹುದು. ಆದರೆ ಗಡುವಿನೊಳಗೆ ಸಲ್ಲಿಸಬೇಕು, ತಡವಾದರೆ ಆ ಆಯ್ಕೆಯೇ ಹೋಗುತ್ತದೆ.

ಈಗ ಬೇಸರದ ಸುದ್ದಿ, ಅಥವಾ ಖುಷಿಯ ಸುದ್ದಿ. 2025-26ರಿಂದ ಹೊಸ ಪದ್ಧತಿಯಲ್ಲಿ ಸಂಬಳ 12,75,000ದವರೆಗೆ ತೆರಿಗೆಯೇ ಇಲ್ಲ. ನನ್ನ ಸಂಬಳ 11,40,000. ಸೊನ್ನೆಯಿಂದ ಇನ್ನೇನು ಕಳೆಯುವುದು? ಸುಮ್ಮನೆ ಹೊಸದಕ್ಕೆ ಬಂದೆ. ಆ 12,75,000ಕ್ಕಿಂತ ಹೆಚ್ಚು ಸಂಬಳ, ಜೊತೆಗೆ ಮನೆ ಬಾಡಿಗೆ ಭತ್ಯೆ ಅಂತ ಕೊಡುವ ದೊಡ್ಡ ಎಚ್‌ಆರ್‌ಎ, ಗೃಹಸಾಲ ಎಲ್ಲ ಇರುವವರು ಎರಡನ್ನೂ ಹಾಕಿ ನೋಡಿ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿ, ಅದರಲ್ಲಿ ಕಲಮಿನ ಸಂಖ್ಯೆಗಳು ಬೇರೆ. ನಾನು ಎಲ್ಲರ ಬಾಯಲ್ಲಿರುವ ಹಳೇ ಸಂಖ್ಯೆಗಳನ್ನೇ ಹೇಳಿದ್ದೇನೆ.

ರ‍್ಯಾಂಪಿನ ಫೈಲು

ನಮ್ಮದು 30×40 ಸೈಟು. ಗೇಟು ಒಂದು ಮೂಲೆಗೆ, ಬಾಗಿಲು ಇನ್ನೊಂದು ಕೊನೆಗೆ. ನಿಯಮ 1:12, ಅಂದರೆ ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ. ಹದಿನೆಂಟು ಇಂಚಿಗೆ ಹದಿನೆಂಟು ಅಡಿ. ಮೇಸ್ತ್ರಿ ನಕ್ಕರು. “ಒಂಬತ್ತು ಅಡಿ ಸಾಕು ಮೇಡಮ್, ಸ್ಕೂಟರ್ ಆರಾಮಾಗಿ ಹತ್ತುತ್ತೆ.” ನಾನು ವಾದ ಮಾಡಲಿಲ್ಲ. ಸೆಂಟ್ರಿಂಗ್ ಹಲಗೆಯನ್ನು ಒಂಬತ್ತು ಅಡಿಗೆ ಓರೆಯಾಗಿ ಇಡಿಸಿ, ಗಾಲಿಕುರ್ಚಿಯಲ್ಲಿ ಅವರನ್ನೇ ಕೂರಿಸಿ ತಳ್ಳಿದೆ. ಅರ್ಧಕ್ಕೆ ಮುಂದಿನ ಚಕ್ರ ಎದ್ದಿತು, ಅವರು ಎರಡೂ ಕೈಯಲ್ಲಿ ಗೋಡೆ ಹಿಡಿದರು. ಒಳಗಿಂದ ಅಮ್ಮ, “ನನ್ನನ್ನ ಅದರ ಮೇಲೆ ತಳ್ಳಬೇಡ ಕಣೇ” ಅಂದಳು. ಮಾರನೇ ದಿನ ಮನೆ ಮುಂದಿನ ಗೋಡೆಯುದ್ದಕ್ಕೂ ಹದಿನೆಂಟು ಅಡಿಗೆ ದಾರ ಕಟ್ಟಿದರು. ಕಾಂಪೌಂಡಿನ ಒಳಗೇ ಮುಗಿಸಿ, ಚರಂಡಿ ಮೇಲೆ ಹೋಗಬೇಡಿ.

ಬಾತ್‌ರೂಮ್ ಬಾಗಿಲಿನಲ್ಲಿ ಸಂದು 27 ಇಂಚಿತ್ತು. ಕುರ್ಚಿ ನುಗ್ಗುತ್ತಿತ್ತು, ಆದರೆ ಪ್ರತಿ ಸಲ ಅಮ್ಮನ ಎಡಗೈ ಗೆಣ್ಣು ಚೌಕಟ್ಟಿಗೆ ತರಚುತ್ತಿತ್ತು. 900 ಮಿಲಿಮೀಟರ್ ತೆರಪು ಸಿಗುವ ಹಾಗೆ ಮಾಡಿಸಿದೆವು. ರ‍್ಯಾಂಪು, ಕಂಬಿ 92,000; ಬಾತ್‌ರೂಮ್ 2,48,000; ಬಾಗಿಲುಗಳು 70,000. ಒಟ್ಟು 4,10,000.

ಇದಕ್ಕೆ ಮೂರೂವರೆ ಲಕ್ಷ ಸಾಲ ಮಾಡಿದೆ. ನಾವೇ ಇರುವ ಮನೆಯ ರಿಪೇರಿ ಸಾಲದ ಬಡ್ಡಿ ಹಳೇ ಪದ್ಧತಿಯಲ್ಲಿ ವರ್ಷಕ್ಕೆ 30,000ದವರೆಗೆ ಕಳೆಯುತ್ತದೆ. ಅಸಲಿಗೆ 80ಸಿ ಸಿಗುವುದಿಲ್ಲ. ಸಾಲ ಮನೆ ಒಡೆಯರ ಹೆಸರಲ್ಲೇ ಇರಬೇಕು. ಅಪ್ಪ ತೀರಿಕೊಂಡ ಮೇಲೆ ಅಮ್ಮನೂ ತಮ್ಮನೂ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟು ಖಾತೆ ನನ್ನ ಹೆಸರಿಗೆ ಆಗಿತ್ತು, ಹಾಗಾಗಿ ತೊಂದರೆಯಾಗಲಿಲ್ಲ. ಜಿಎಸ್‌ಟಿ ವಿಷಯದಲ್ಲಿ ಗಾಲಿಕುರ್ಚಿಗೆ ಶೇಕಡಾ 5, ಮನೆಯೊಳಗಿನ ಲಿಫ್ಟಿಗೆ 18. ಕಾಲಿಲ್ಲದವರಿಗೆ ಲಿಫ್ಟು ಐಷಾರಾಮಿ ಅಂದುಕೊಂಡಿದ್ದಾರೇನೋ.

ಅಮೆರಿಕದಲ್ಲಿ ಲೆಕ್ಕ ಬೇರೆ ಅಂತ ತಮ್ಮ ಹೇಳುತ್ತಾನೆ. ಅಲ್ಲಿ ರ‍್ಯಾಂಪು, ಅಗಲ ಮಾಡಿದ ಬಾಗಿಲು ಇವು ಮನೆಯ ಬೆಲೆ ಏರಿಸುವುದಿಲ್ಲ ಅಂತ ಪೂರ್ತಿ ಖರ್ಚನ್ನು ವೈದ್ಯಕೀಯ ವೆಚ್ಚ ಅಂತಲೇ ತೋರಿಸಬಹುದು. ಲಿಫ್ಟ್ ಹಾಕಿಸಿ ಮನೆ ಬೆಲೆ ಏರಿದರೆ, ಏರಿದಷ್ಟನ್ನು ಬಿಟ್ಟು ಉಳಿದದ್ದು ಮಾತ್ರ. ಅದೂ ಆದಾಯದ ಶೇಕಡಾ 7.5 ದಾಟಿದ ವೈದ್ಯಕೀಯ ಖರ್ಚಿಗೆ.

ನಮ್ಮಲ್ಲಿ ಕಾಂಕ್ರೀಟು ಲೆಕ್ಕಕ್ಕೆ ಬರುವುದು ಮನೆ ಮಾರಿದಾಗ. ರ‍್ಯಾಂಪು, ದೊಡ್ಡದು ಮಾಡಿದ ಬಾತ್‌ರೂಮು ಇಂಥ ಶಾಶ್ವತ ಕೆಲಸಗಳು ‘ಸುಧಾರಣೆಯ ವೆಚ್ಚ’ ಅನ್ನಿಸಿಕೊಳ್ಳುತ್ತವೆ. ಸುಣ್ಣ ಬಣ್ಣ ಸೇರುವುದಿಲ್ಲ. ಮಾರಿದ ಲಾಭದಲ್ಲಿ ಆ ವೆಚ್ಚ ಕಳೆದು ತೆರಿಗೆ ಹಾಕುತ್ತಾರೆ, ನೀವು ಯಾವ ಪದ್ಧತಿಯಲ್ಲಿದ್ದರೂ ಸರಿ. 2024ರ ಜುಲೈ 23ಕ್ಕೆ ಮುಂಚೆ ನಿಮ್ಮದಾದ ಮನೆಯಾದರೆ ಶೇಕಡಾ 12.5 ಅಥವಾ ಹಣದುಬ್ಬರ ಸೂಚ್ಯಂಕ ಸೇರಿಸಿ ಶೇಕಡಾ 20, ಯಾವುದು ಕಡಿಮೆಯೋ ಅದು. ನನ್ನ 4,10,000ಕ್ಕೆ 12.5ರ ಲೆಕ್ಕದಲ್ಲೇ 51,250 ತೆರಿಗೆ ತಪ್ಪುತ್ತದೆ. 80ಡಿಡಿಯಿಂದ ನಾನು ಆ ವರ್ಷ ಉಳಿಸಿದ್ದರ ನಾಲ್ಕರಷ್ಟು! ಮನೆ ಮಾರುವ ಯೋಚನೆ ನನಗಿಲ್ಲ, ಆದರೆ ಫೈಲು ಮಗಳಿಗೂ ಬೇಕಾಗುತ್ತದೆ. ಕಟ್ಟಿದವರ ವೆಚ್ಚ ವಾರಸುದಾರರ ಲೆಕ್ಕಕ್ಕೂ ಬರುತ್ತದೆ.

ಆದ್ದರಿಂದ ಬಿಲ್ಲು ಬಿಡಬೇಡಿ. ಟೈಲ್ಸು, ಕಬ್ಬಿಣ, ಸಿಮೆಂಟಿಗೆ ನಿಮ್ಮ ಹೆಸರು, ಮನೆ ವಿಳಾಸ ಹಾಕಿಸಿದ ಜಿಎಸ್‌ಟಿ ಬಿಲ್ಲು. ಕೂಲಿಯನ್ನು ಬ್ಯಾಂಕ್ ಖಾತೆಯಿಂದಲೇ ಕೊಡಿ. ಕೆಲಸಕ್ಕೆ ಮುಂಚೆ, ಆಮೇಲೆ ಫೋಟೋ ತೆಗೆದಿಡಿ. ಮಾಸುವ ಕಾಗದದ ಬಿಲ್ಲುಗಳನ್ನು ಜೆರಾಕ್ಸ್ ಮಾಡಿಸಿ, ನನ್ನ ಹಾರ್ಡ್‌ವೇರ್ ಅಂಗಡಿ ಬಿಲ್ಲುಗಳಲ್ಲಿ ಎರಡು ಆಗಲೇ ಬಿಳಿ ಹಾಳೆಯಾಗಿವೆ. ಮೇಸ್ತ್ರಿಯವರ ಹತ್ತಿರ ಬಿಲ್ ಪುಸ್ತಕ ಇರುವುದಿಲ್ಲ. ಏನು ಕೆಲಸ, ಎಷ್ಟು ದುಡ್ಡು, ಯಾವ ತಾರೀಖು ಅಂತ ಬರೆಸಿ ಸಹಿ ಹಾಕಿಸಿಕೊಳ್ಳಿ. ನಮ್ಮವರು ನೋಟ್‌ಬುಕ್ಕಿನ ಹಾಳೆ ಹರಿದು ಬರೆದುಕೊಟ್ಟದ್ದು ಹೀಗಿದೆ: “ಅಜ್ಜಿ ಇಳಿಜಾರು, 18 ಅಡಿ, ಕೂಲಿ ಪೂರ್ತಿ ಬಂದಿದೆ.”