ತೂತೆಲೆಯ ಬಳ್ಳಿ: ಗುರುತಿಸುವ ಬಗೆ, ಬೆಳೆಸುವ ಬಗೆ

ಹಜಾರದ ಮೂಲೆಯಲ್ಲಿರುವ ನಮ್ಮ ಮಾನ್‌ಸ್ಟೆರಾವನ್ನು, ಅಂದರೆ ತೂತೆಲೆಯ ಬಳ್ಳಿಯನ್ನು, ನೋಡಿದ ನೆಂಟರಲ್ಲಿ ಹಲವರು ತಮ್ಮ ಮನೆಯಲ್ಲಿಯೂ ಇದೇ ಗಿಡವಿದೆ ಎನ್ನುತ್ತಾರೆ. ಹೋಗಿ ನೋಡಿದರೆ ಎಷ್ಟೋ ಕಡೆ ಅಲ್ಲಿರುವುದು ಬೇರೆಯೇ ಗಿಡ. ಹೆಸರು ತಪ್ಪಿದರೆ ಆರೈಕೆಯೂ ತಪ್ಪುವುದರಿಂದ ಗುರುತಿನಿಂದಲೇ ಆರಂಭಿಸುತ್ತೇನೆ.

ಬಲಿತ ಮಾನ್‌ಸ್ಟೆರಾದ ಎಲೆಯ ಅಂಚು ಸೀಳಿರುವುದಷ್ಟೇ ಅಲ್ಲದೆ ನಡುನರದ ಎರಡೂ ಬದಿಯಲ್ಲಿ ಸುತ್ತಲೂ ಮುಚ್ಚಿದ ತೂತುಗಳೂ ಇರುತ್ತವೆ. ಇದರೊಂದಿಗೆ ಹೆಚ್ಚಾಗಿ ಅದಲುಬದಲಾಗುವ ಬ್ರೆಜಿಲ್ ಮೂಲದ ಫಿಲೋಡೆಂಡ್ರಾನ್‌ನ ಎಲೆಯಲ್ಲಿ ಅಂಚಿನಿಂದ ಒಳಕ್ಕೆ ಬಂದ ಸೀಳುಗಳಿರುತ್ತವೆಯೇ ಹೊರತು ತೂತುಗಳಿರುವುದಿಲ್ಲ. ಅದರ ದಪ್ಪ ಕಾಂಡದ ಮೇಲೆ ಉದುರಿದ ಎಲೆಗಳ ಗುರುತು ಕಣ್ಣಿನಾಕಾರದಲ್ಲಿ ಉಳಿಯುತ್ತದೆ, ಮತ್ತು ಅದು ಹಬ್ಬುವ ಬದಲು ಸುತ್ತಲೂ ಹರಡಿಕೊಳ್ಳುತ್ತದೆ. ತೋಟದಲ್ಲಿ ತೆಂಗಿನ ಮರಕ್ಕೆ ಹಬ್ಬಿದ ಮನಿ ಪ್ಲಾಂಟ್ ಕೂಡ ದೊಡ್ಡ ಹರಿದ ಎಲೆಗಳನ್ನು ಬಿಟ್ಟು ಮೋಸಗೊಳಿಸುತ್ತದೆ, ಆದರೆ ಅದರ ಎಲೆಯ ಮೇಲಿನ ಹಳದಿ ಗೀರುಗಳು ಸಾಮಾನ್ಯವಾಗಿ ಗುಟ್ಟು ಬಿಟ್ಟುಕೊಡುತ್ತವೆ. ಇಷ್ಟಾದರೂ ಅನುಮಾನ ಉಳಿದರೆ ಎಲೆಯ ತೊಟ್ಟು ಎಲೆಗೆ ಸೇರುವ ಜಾಗವನ್ನು ಬೆರಳಿನಿಂದ ಸವರಿ ನೋಡಿ: ಬಲಿತ ಮಾನ್‌ಸ್ಟೆರಾದಲ್ಲಿ ಅಲ್ಲಿ ರವಿಕೆಯ ತೋಳಿನ ಚುನ್ನಟದಂತೆ ಸಣ್ಣ ನೆರಿಗೆಗಳು ಸಿಗುತ್ತವೆ. ಎಳೆಯ ಸಸಿಯ ಎಲೆಗಳು ಮಾತ್ರ ಹೃದಯದ ಆಕಾರದಲ್ಲಿ, ತೂತಿಲ್ಲದೆ ಇರುವುದೇ ಸಹಜ. ನರ್ಸರಿಯವರು ಬೇರೆ ಗಿಡ ಕೊಟ್ಟರೆಂದು ಅವಸರದಲ್ಲಿ ತೀರ್ಮಾನಿಸಬೇಡಿ.

ಈ ಬಳ್ಳಿಯ ತವರು ದಕ್ಷಿಣ ಮೆಕ್ಸಿಕೋದಿಂದ ಪನಾಮಾದವರೆಗಿನ ಮಳೆಕಾಡು. ಅಲ್ಲಿ ಇದು ಗಾಳಿಬೇರುಗಳಿಂದ ಮರವನ್ನು ಅಪ್ಪಿಕೊಂಡು, ಕೊಂಬೆಗಳ ನಡುವೆ ಸೋಸಿ ಬರುವ ಬೆಳಕಿನತ್ತ ಮೇಲೇರುತ್ತದೆ. ನನ್ನ ಅನುಭವದಲ್ಲಿ ಇದರ ಆರೈಕೆಯ ಅರ್ಧ ಪಾಠ ಈ ಒಂದು ಸಂಗತಿಯಲ್ಲಿಯೇ ಇದೆ. ಆಸರೆಯಿಲ್ಲದೆ ಕುಂಡದಲ್ಲಿ ಅಡ್ಡಾದಿಡ್ಡಿ ಬಿದ್ದುಕೊಂಡಿರುವ ಬಳ್ಳಿ ಬದುಕುತ್ತದೆ, ಆದರೆ ಅದರ ಎಲೆ ದೊಡ್ಡದಾಗುವುದು ಕಷ್ಟ. ನಾಲ್ಕೈದು ಅಡಿಯ ಗಟ್ಟಿ ಗೂಟಕ್ಕೆ ತೆಂಗಿನ ನಾರಿನ ಹಗ್ಗವನ್ನು ಒತ್ತಾಗಿ ಸುತ್ತಿ ಕುಂಡದ ತಳದವರೆಗೆ ನೆಡಿ, ಗಾಳಿಬೇರು ಹೊರಡುವ ಬದಿಯನ್ನು ಗೂಟದ ಕಡೆಗೂ ಎಲೆಗಳನ್ನು ಕಿಟಕಿಯ ಕಡೆಗೂ ಮಾಡಿ, ಮೆತ್ತನೆಯ ಬಟ್ಟೆಯ ಪಟ್ಟಿಯಿಂದ ಕಾಂಡವನ್ನು ಸಡಿಲವಾಗಿ ಕಟ್ಟಿ. ಎಲೆಯ ತೊಟ್ಟನ್ನು ಎಂದಿಗೂ ಕಟ್ಟಬಾರದು, ಏಕೆಂದರೆ ಬೆಳಕು ಬಂದತ್ತ ಎಲೆಯನ್ನು ತಿರುಗಿಸುವ ಕೆಲಸ ಅದರದು. ಹಗ್ಗಕ್ಕೆ ಆಗಾಗ ನೀರು ಚಿಮುಕಿಸುತ್ತಿದ್ದರೆ ಬೇರುಗಳು ತಾವಾಗಿಯೇ ಹಿಡಿದುಕೊಳ್ಳುತ್ತವೆ. ಕುಂಡದಾಚೆ ಇಳಿಬಿದ್ದ ಬೇರುಗಳನ್ನು ಕತ್ತರಿಸದೆ ಮಣ್ಣಿನೊಳಕ್ಕೆ ಬಾಗಿಸಿ ಬಿಡಿ.

ಈ ಗಿಡ ಸಾಯುವುದು ಬಾಯಾರಿಕೆಗಿಂತ ಹೆಚ್ಚಾಗಿ ಅತಿಯಾದ ಅಕ್ಕರೆಯಿಂದ. ನನ್ನ ಮೊದಲ ಗಿಡವನ್ನು ಅಂದವಾಗಿ ಕಾಣಲೆಂದು ತಳದಲ್ಲಿ ತೂತಿಲ್ಲದ ಪಿಂಗಾಣಿ ಕುಂಡದಲ್ಲಿಟ್ಟು, ದಿನವೂ ಬೆಳಿಗ್ಗೆ ಒಂದು ಚೊಂಬು ನೀರು ಹಾಕುತ್ತಿದ್ದೆ. ಕೆಳಗಿನ ಎಲೆಗಳು ಹಳದಿಯಾದಾಗ ನೀರು ಸಾಲದೆಂದು ಭಾವಿಸಿ ಇನ್ನಷ್ಟು ಹಾಕಿದೆ. ಕೊನೆಗೆ ಕಿತ್ತು ನೋಡಿದರೆ ಬೇರುಗಳೆಲ್ಲ ಕಪ್ಪಾಗಿ, ಕೊಳೆತ ವಾಸನೆ ಬಂದು, ಮುಟ್ಟಿದರೆ ಸಿಪ್ಪೆ ಕಳಚಿಕೊಂಡು ಒಳಗಿನ ದಾರವಷ್ಟೇ ಕೈಗೆ ಬರುತ್ತಿತ್ತು. ಅಂದಿನಿಂದ ಎರಡು ಗೆಣ್ಣು ಮುಳುಗುವಷ್ಟು ಬೆರಳನ್ನು ಮಣ್ಣಿಗಿಳಿಸಿ, ಒಣಗಿದೆ ಎನಿಸಿದರೆ ಮಾತ್ರ ತಳದಿಂದ ನೀರು ಹೊರಬರುವವರೆಗೆ ಹಾಕುತ್ತೇನೆ. ಮಳೆಗಾಲದಲ್ಲಿ ಹತ್ತು ದಿನ ಬಿಟ್ಟು ಹಾಕಿದರೂ ನಡೆಯುತ್ತದೆ. ಬರಿಯ ಕೆಮ್ಮಣ್ಣು ಗಟ್ಟಿಯಾಗಿ ಬೇರಿಗೆ ಉಸಿರುಕಟ್ಟಿಸುವುದರಿಂದ ಕೆಮ್ಮಣ್ಣು, ತೆಂಗಿನ ಸಿಪ್ಪೆಯ ಚೂರು, ಎರೆಗೊಬ್ಬರ ಇವನ್ನು ಸಮಪಾಲಿನಲ್ಲಿ ಬೆರೆಸಿ, ಎರಡು ಹಿಡಿ ಇದ್ದಿಲ ಚೂರು ಸೇರಿಸಿ. ಪೂರ್ವದ ಕಿಟಕಿಯ ಬೆಳಕು ಇದಕ್ಕೆ ಬಹಳ ಒಗ್ಗುತ್ತದೆ, ಮಧ್ಯಾಹ್ನದ ನೇರ ಬಿಸಿಲು ಎಲೆಯನ್ನು ಸುಡುತ್ತದೆ, ಕತ್ತಲೆಯ ಮೂಲೆಯಲ್ಲಿ ತೂತುಗಳೇ ಮೂಡುವುದಿಲ್ಲ.

ಕೆಲವು ಮುಂಜಾನೆ ಎಲೆಯ ತುದಿಯಲ್ಲಿ ನೀರಿನ ಹನಿ ನೇತಾಡುತ್ತಿದ್ದರೆ ಗಾಬರಿ ಬೇಡ. ರಾತ್ರಿ ಬೇರು ಹೀರಿದ ಹೆಚ್ಚುವರಿ ನೀರು ಹಾಗೆ ಹೊರಬರುತ್ತದೆ. ತೊಟ್ಟಿನ ಸಂದಿಯಲ್ಲಿ ಬಿಳಿಯ ಹತ್ತಿಯಂಥ ಹಿಟ್ಟು ತಿಗಣೆ ಕಂಡರೆ ಒಂದು ಲೀಟರ್ ನೀರಿಗೆ ಒಂದು ಚಮಚ ಬೇವಿನ ಎಣ್ಣೆ ಮತ್ತು ನಾಲ್ಕು ಹನಿ ಸೋಪಿನ ದ್ರಾವಣ ಬೆರೆಸಿ, ಸಂಜೆಯ ಹೊತ್ತು ಒರೆಸಿ.

ಹೊಸ ಗಿಡ ಬೇಕೆನ್ನುವವರು ಕಾಂಡದ ಗೆಣ್ಣು ಸೇರುವಂತೆ, ಸಾಧ್ಯವಾದರೆ ಒಂದು ಗಾಳಿಬೇರಿನೊಂದಿಗೆ ತುಂಡು ಮಾಡಿಕೊಳ್ಳಬೇಕು. ಗೆಣ್ಣಿಲ್ಲದ ಬರಿಯ ಎಲೆ ಸೀಸೆಯ ನೀರಿನಲ್ಲಿ ತಿಂಗಳುಗಟ್ಟಲೆ ಹಸಿರಾಗಿದ್ದರೂ ಚಿಗುರುವುದಿಲ್ಲ.

ಇದು ಕೆಸು, ಸುವರ್ಣಗೆಡ್ಡೆಗಳ ಕುಟುಂಬದ್ದು. ಆಕ್ಸಲೇಟ್ ಹರಳುಗಳಿರುವುದರಿಂದ ಎಲೆಯನ್ನು ಅಗಿದರೆ ಬಾಯಿ ಉರಿದು ಊದಿಕೊಳ್ಳುತ್ತದೆ. ಅಂಬೆಗಾಲಿಡುವ ಮಗುವಾಗಲಿ ನಾಯಿಯಾಗಲಿ ಇರುವ ಮನೆಯಲ್ಲಿ ಕೈಗೆ, ಬಾಯಿಗೆ ಎಟುಕದಂತೆ ಇಡಿ. ಒದ್ದೆ ಬಟ್ಟೆಯಿಂದ ಎಲೆಯ ಧೂಳನ್ನು ಒರೆಸುವಾಗ ಇನ್ನೂ ಸುರುಳಿಯಾಗಿರುವ ಎಳೆಯ ಎಲೆಯನ್ನು ಮಾತ್ರ ಮುಟ್ಟದಿರಿ. ಅದು ಹೂವಿನ ಎಸಳಿನಷ್ಟು ಮೃದುವಾಗಿದ್ದು, ಬಿಡಿಸಲು ಹೋದರೆ ಆ ಗಾಯ ಎಲೆ ಇರುವಷ್ಟು ಕಾಲವೂ ಉಳಿಯುತ್ತದೆ.