ಆಷಾಢದ ಗಾಳಿ, ಗ್ಲೈಡರ್ ಹೊಟ್ಟಿಯೊಳಗ ಸೀಸ

ಮೂರು ವರ್ಷದಿಂದ ಕೊಪ್ಪಳದ ಹೊರಗಿನ ಕಲ್ಲುಗುಡ್ಡದ ಮ್ಯಾಲೆ ಆರ್‌ಸಿ ಗ್ಲೈಡರ್ ಹಾರಸ್ತೀನಿ, ಅಂದ್ರ ಕೈಯಾಗಿನ ರಿಮೋಟಿನಿಂದ ಓಡಸೋ ಪುಟ್ಟ ವಿಮಾನ, ಮೋಟರ್ ಇಲ್ಲ, ಎರಡು ಮೀಟರ್ ರೆಕ್ಕಿ, ಖಾಲಿ ತೂಕ ಒಂದು ಕೆಜಿ. ಪಡುವಣ ಗಾಳಿ ಗುಡ್ಡಕ್ಕ ಬಡದು ಮ್ಯಾಲಕ್ಕ ಏಳತೈತಲ್ಲ, ಅದರ ಮ್ಯಾಲೇ ಇದು ನಿಲ್ಲೋದು.

ಮೊದಲನೇ ಆಷಾಢದಾಗ ಒಂದಿನ ಗಾಳಿ ಗಂಟೆಗೆ 36 ಕಿ.ಮೀ. ಇತ್ತು, ಲಿಫ್ಟ್, ಅಂದ್ರ ಮ್ಯಾಲಕ್ಕ ಎತ್ತೋ ಗಾಳಿ, ಭರ್ಜರಿ ಐತಿ ಅಂತ ಖುಷಿಲೆ ಎಸದೆ. ನನ್ನ ಗ್ಲೈಡರ್ ಚೊಲೊ ಜಾರೋದು 30ರ ಆಸುಪಾಸು, ಹಂಗಾಗಿ ಗಾಳಿಗೆ ಮುಖ ಮಾಡಿದ್ರೂ ಹಿಂದಕ್ಕೇ ಸರೀತಾ ನನ್ನ ತಲಿ ಮ್ಯಾಲಿಂದ ಗುಡ್ಡದ ಹಿಂಬದಿಗೆ ಹೋತು, ಅಲ್ಲಿ ಗಾಳಿ ಸುತ್ತಿ ಕೆಳಕ್ಕ ಒತ್ತತೈತಿ, ಬಂಡೆಗಲ್ಲಿಗೆ ಬಡದು ರೆಕ್ಕಿ ಎರಡು ತುಂಡು. ಭಾಳ ಸಂಕಟ ಆತು.

ರಾಶಿ ತೂರೋದು ನೋಡಿದವ್ರಿಗೆ ಇದು ಹೊಸದಲ್ಲ, ಗಾಳಿ ಒಂದೇ, ಹೊಟ್ಟು ಹಾರಿ ಹೋಗ್ತೈತಿ, ಕಾಳು ಕಾಲ ಹತ್ರನ ಬೀಳ್ತೈತಿ.

ಗ್ಲೈಡರಿಗೂ ಕಾಳಿನಂಗ ಭಾರ ಬೇಕು ಅಂತ ಮುನಿರಾಬಾದ್ ಕಡೆಯಿಂದ ಮೀನಿನ ಬಲಿಗೆ ಕಟ್ಟೋ ಸೀಸ ತಂದು, ಬಡದು 110 ಗ್ರಾಂನ ನಾಲ್ಕು ಪಟ್ಟಿ ಮಾಡ್ಕೊಂಡೆ. ಭಾರ ಹಾಕಿದ್ರ ಜಲ್ದಿ ನೆಲಕ್ಕ ಬರ್ತೈತಿ ಅಂತ ಎಲ್ಲಾರೂ ಹೆದರಸಿದ್ರು, ಆದ್ರ ನಿಂತ ಗಾಳಿಯೊಳಗ ಜಾರೋ ದೂರ ಹೆಚ್ಚುಕಡಿಮಿ ಅಷ್ಟೇ ಇರತೈತಿ, ಅದೇ ದೂರ ಜೋರಾಗಿ ಹೋಗ್ತೈತಿ ಅಷ್ಟೇ. ಸ್ಪೀಡ್ ಏರೋದು ತೂಕದ ವರ್ಗಮೂಲದ ಲೆಕ್ಕದಾಗ, ನಾಲ್ಕೂ ಪಟ್ಟಿ ಹಾಕಿ 1,440 ಗ್ರಾಂ ಮಾಡಿದ್ರ 30 ಇದ್ದಿದ್ದು 36 ಆಗ್ತೈತಿ, ಇಷ್ಟು ಭಾರಕ್ಕ ಇಷ್ಟೇನಾ ಅಂತ ನನಗೂ ಅನ್ನಿಸ್ತು. ಆದ್ರ ಅಸಲಿ ಲಾಭ ಮೂಗು ಬಗ್ಗಿಸಿದಾಗ. ಎದುರು ಗಾಳಿಯ ಅರ್ಧದಷ್ಟು ಸ್ಪೀಡ್ ಕೂಡಸಬೇಕು ಅಂತ ಗ್ಲೈಡರ್ ಪೈಲಟ್‌ಗಳ ಒಂದು ಅಂದಾಜು ಐತಿ, ಅಂದ್ರ 36ರ ಗಾಳಿಯೊಳಗ 36ಕ್ಕ ಇನ್ನೂ 18 ಕೂಡಿಸಿ 50 ದಾಟಿ ಓಡಸಬೇಕು, ಖಾಲಿ ಗ್ಲೈಡರ್ ಆ ಸ್ಪೀಡಿಗೆ ಸೀದಾ ಇಳದು ಬಿಡ್ತೈತಿ, ಭಾರದ್ದು ಅಷ್ಟು ಇಳಿಯೂದಿಲ್ಲ.

ಸೀಸ ಕರೆಕ್ಟಾಗಿ ಸಿಜಿ, ಅಂದ್ರ ಗ್ಲೈಡರ್ ತೂಕ ಸಮ ನಿಲ್ಲೋ ಜಾಗ, ಅದರ ಕೆಳಗ ಇರಬೇಕು, ಬಿಗಿಯಾಗಿ. ಒಂದ್ಸಲ ಟೇಪ್ ಬಿಟ್ಟು ಪಟ್ಟಿ ಹಿಂದಕ್ಕ ಸರದಾಗ ಮೂಗು ಎತ್ತಿ ಎತ್ತಿ ಒಗೀತಿತ್ತು, ಇಳಸೋದ್ರೊಳಗ ಜೀವ ಬಾಯಿಗೆ ಬಂದಿತ್ತು.

ಗಾಳಿ ಬೆನ್ನಿಗೆ ಬಂದಾಗ ಗ್ಲೈಡರ್ ಬಾಣದಂಗ ಕಾಣ್ತೈತಿ, ಆ ಸ್ಪೀಡ್ ನೆಲದ ಲೆಕ್ಕದ್ದು, ರೆಕ್ಕಿಗೆ ಬಡಿಯೋ ಗಾಳಿದ್ದಲ್ಲ, ನೋಡಿ ಹೆದರಿ ಮೂಗು ಎತ್ತಾಕ ಬಾಲದಾಗಿನ ಎಲಿವೇಟರ್ ಎಳದ್ರ ಸ್ಟಾಲ್ ಆಗ್ತೈತಿ, ಅಂದ್ರ ಸ್ಪೀಡ್ ಸಾಲದ ರೆಕ್ಕಿ ಎತ್ತೋದು ಬಿಟ್ಟು ಬೀಳ್ತೈತಿ. ಭಾರ ಇದ್ದಾಗ ಸ್ಟಾಲ್ ಸ್ಪೀಡೂ ಮ್ಯಾಲೇ ಇರತೈತಿ, ಇಳಸುವಾಗ ಜೋರಾಗೇ ಬರ್ತೈತಿ. ಅದಕ ಸಂಜಿಗೆ ಗಾಳಿ 20ಕ್ಕ ಇಳೀತು ಅಂದ್ರ ನಾಲ್ಕೂ ಪಟ್ಟಿ ತೆಗದು ಕಿಸೆಗೆ ಹಾಕ್ಕೊಂಡು ಖಾಲಿನೇ ಹಾರಸ್ತೀನಿ.